ರಾತ್ರಿ ಬೆಂಕಿ ಕಾಣುವ ಹೊಲ

ತುಮಕೂರು ಜಿಲ್ಲೆಯ ಕೊರಟಗೆರೆ, ಮಧುಗಿರಿ ಕಡೆ ಯಾವ ಊರಿಗೆ ಹೋದರೂ ಒಂದು ನಿಧಿ ಕಥೆ ಸಿಗುತ್ತದೆ. ಪಂಪ್‌ಸೆಟ್ ರಿಪೇರಿ ನನ್ನ ಕೆಲಸ. ಬೋರ್‌ವೆಲ್‌ನಿಂದ ಮೋಟರ್ ಎತ್ತುವಾಗ ಸುತ್ತ ನಾಲ್ಕು ಜನ ಕೂತಿರುತ್ತಾರೆ. ಮಾತು ಮಳೆಯಿಂದ ಶುರುವಾಗುತ್ತದೆ. ಅಡಿಕೆ ರೇಟು, ಮಕ್ಕಳ ಮದುವೆ ಎಲ್ಲ ಮುಗಿದ ಮೇಲೆ ಯಾರಾದರೂ ಒಬ್ಬರು ಗುಡ್ಡದ ಕಡೆ ಕೈ ತೋರಿಸುತ್ತಾರೆ. "ಅಲ್ಲಿ ಏಳು ಕೊಪ್ಪರಿಗೆ ಹೊನ್ನಿದೆಯಂತೆ."

ಈ ಕಥೆಗಳನ್ನು ಬರೆದಿಡಲು ಶುರು ಮಾಡಿದ್ದು ಮೆಟಲ್ ಡಿಟೆಕ್ಟರ್ ತಗೊಂಡ ಮೇಲೆ. ಅದನ್ನು ತಂದಿದ್ದು ಕೆಲಸಕ್ಕೆ. ಹೊಲ ಮಟ್ಟ ಮಾಡಿಸಿದಾಗ ಹಳೆ ಬೋರ್‌ನ ಕಬ್ಬಿಣದ ಕೇಸಿಂಗ್ ಮಣ್ಣಡಿ ಸೇರಿಬಿಡುತ್ತದೆ. ಗೇಟ್‌ವಾಲ್ವ್ ಎಲ್ಲಿದೆ ಅಂತ ಮನೆಯಲ್ಲಿ ಯಾರಿಗೂ ನೆನಪಿರುವುದಿಲ್ಲ. ಮೆಷಿನ್ ಇದ್ದರೆ ಸುಮ್ನೆ ಹೊಲವೆಲ್ಲ ಅಗೆಯುವುದು ತಪ್ಪುತ್ತದೆ. ಆದರೆ ಮೆಷಿನ್ ನೋಡಿದವರೆಲ್ಲ ಕೇಳಿದ್ದು ಒಂದೇ ಮಾತು. ಇದರಲ್ಲಿ ನಿಧಿ ಕಾಣುತ್ತಾ?

ಇಲ್ಲ ಅಂತ ಹೇಳಿ ಮುಗಿಸಬಹುದಿತ್ತು. ಮುಗಿಸಲು ಮನಸ್ಸಾಗಲಿಲ್ಲ. ಯಾಕೆಂದರೆ ಒಂದೊಂದು ಊರಿನ ಕಥೆ ಒಂದೊಂದು ಥರ ಇತ್ತು. ಒಂದು ಕಡೆ ಕೆರೆ ಏರಿಯ ಕೆಳಗೆ ಸರಪಳಿ ಎಳೆಯುವ ಸದ್ದು. ಇನ್ನೊಂದು ಕಡೆ ಮದುವೆಗೆ ಪಾತ್ರೆ ಕೊಡುತ್ತಿದ್ದ ಕಲ್ಯಾಣಿ. ಯಾರೋ ಒಂದು ತಟ್ಟೆ ವಾಪಸ್ ಇಡಲಿಲ್ಲ, ಅವತ್ತಿನಿಂದ ಕೊಡುವುದು ನಿಂತುಹೋಯಿತು. ಮತ್ತೊಂದು ಕಡೆ ದಂಡು ಬಂದಾಗ ಹೂತಿಟ್ಟು ಓಡಿದವರ ಗಂಟು. ಎಲ್ಲ ಕಡೆ ಒಂದೇ ಕಥೆ ಇದ್ದಿದ್ದರೆ ಬಾಯಿಂದ ಬಾಯಿಗೆ ಹರಡಿದೆ ಅನ್ನಬಹುದು. ಇಷ್ಟು ಬೇರೆ ಬೇರೆ ಯಾಕೆ?

ನಾನು ಹಿಡಿದ ದಾರಿ ಇದು. ಕಥೆಯಿಂದ ಹೊನ್ನನ್ನು ತೆಗೆದುಬಿಡಬೇಕು. ಉಳಿದದ್ದನ್ನು ಸಾಕ್ಷಿ ಹೇಳಿಕೆ ಅಂತ ತಗೋಬೇಕು. ಕೊಪ್ಪರಿಗೆ ಏಳೋ ಒಂಬತ್ತೋ, ಕಾವಲಿಗೆ ಹಾವೋ ಭೂತವೋ ಅನ್ನುವುದು ಹೇಳುವವರ ಬಾಯಲ್ಲಿ ಬದಲಾಗುತ್ತಾ ಹೋಗುತ್ತದೆ. ಜಾಗ ಬದಲಾಗುವುದಿಲ್ಲ. ಯಾವ ಬಂಡೆ, ಯಾವ ಹಳ್ಳ, ಯಾರು ಬಂದರು, ಯಾರು ಹೋದರು ಅನ್ನುವುದು ಬದಲಾದರೂ ಕಡಿಮೆ. ಅದರ ಹಿಂದೆ ಹೋದರೆ ಅಲ್ಲಿ ನಿಜವಾಗಿ ನಡೆದದ್ದು ಏನಾದರೂ ಸಿಗುತ್ತದೆ. ಈ ನಂಬಿಕೆ ನನಗೆ ಗಟ್ಟಿಯಾಗಿದ್ದು ಚನ್ನರಾಯನದುರ್ಗದ ತಪ್ಪಲಿನ ಒಂದು ಹೊಲದಲ್ಲಿ. ಊರಿನ ಹೆಸರು ಇಲ್ಲಿ ಬರೆಯುವುದಿಲ್ಲ. ಬರೆದರೆ ಅಮಾವಾಸ್ಯೆ ರಾತ್ರಿ ಅಲ್ಲಿಗೆ ಯಾರು ಬರುತ್ತಾರೆ ಅಂತ ನಮ್ಮ ಕಡೆಯವರಿಗೆಲ್ಲ ಗೊತ್ತು.

ಆ ಊರಿನ ಕಥೆ ಹೀಗಿದೆ. ಗುಡ್ಡದ ಬುಡದಲ್ಲಿ, ಹಳ್ಳದ ಪಕ್ಕ ಒಂದು ದಿಣ್ಣೆ. ರಾತ್ರಿ ಹೊತ್ತು ಅಲ್ಲಿ ಬೆಂಕಿ ಕಾಣುತ್ತದೆ. ನೆಲದೊಳಗಿನ ಹೊನ್ನು ಉಸಿರು ಬಿಟ್ಟಾಗ ಏಳುವ ಬೆಂಕಿ ಅದು. ಕಾಯುವವರು ಮೈಯೆಲ್ಲ ಕಪ್ಪಾದವರು. ಅವರು ರಾತ್ರಿ ಮಾತ್ರ ಕಾಣಿಸುತ್ತಾರೆ. ಹತ್ತಿರ ಹೋದವರಿಗೆ ಬುಸ್ ಬುಸ್ ಅಂತ ಸದ್ದು ಕೇಳುತ್ತದೆ. ಅದು ಸರ್ಪದ ಉಸಿರು.

ಇದನ್ನು ಮೊದಲು ಹೇಳಿದ್ದು ಹೊಲದ ಯಜಮಾನರು. ನಾವೆಲ್ಲ ಅವರನ್ನು ಗೌಡ್ರು ಅಂತಲೇ ಕರೆಯುವುದು. ಅವರು ಸುಮ್ಮನೆ ಹೇಳಲಿಲ್ಲ. ಆ ಹೊತ್ತಿಗಾಗಲೇ ಒಂದು ಗುಂಪು ಬಂದು ಅಂಜನ ಹಾಕಿ ನೋಡಿ ಹೋಗಿತ್ತು. ಪೂಜೆಗೆ ದುಡ್ಡು, ಅಗೆಯಲು ಜೆಸಿಬಿ, ಸಿಕ್ಕಿದ್ದರಲ್ಲಿ ಪಾಲು ಅಂತ ಲೆಕ್ಕ ಹೇಳಿತ್ತು. ಗೌಡರು ಅರ್ಧ ಒಪ್ಪಿದ್ದರು. "ನಿನ್ನ ಮೆಷಿನ್ ತಂದು ಒಂದ್ಸಲ ನೋಡಪ್ಪಾ, ಇದೆ ಅಂದ್ರೆ ಆಮೇಲೆ ಯೋಚ್ನೆ ಮಾಡಣ" ಅಂದರು. ನಾನು ಮೆಷಿನ್ ತರುವ ಮೊದಲು ಕಥೆ ಪೂರ್ತಿ ಕೇಳಬೇಕು, ಅಲ್ಲಿಯವರೆಗೆ ಒಂದು ಗುದ್ದಲಿ ಮಣ್ಣೂ ತೆಗೆಯಬೇಡಿ ಅಂತ ಕೇಳಿಕೊಂಡೆ. ಒಪ್ಪಿದರು.

ಕಥೆ ಕೇಳುವುದು ಈ ಕೆಲಸದಲ್ಲಿ ಎಲ್ಲಕ್ಕಿಂತ ದೊಡ್ಡ ಭಾಗ. ನಿಧಿ ಎಲ್ಲಿದೆ ಅಂತ ನೇರವಾಗಿ ಕೇಳಿದರೆ ಯಾರೂ ಬಾಯಿ ಬಿಡುವುದಿಲ್ಲ, ಇಲ್ಲವೇ ಪತ್ರಿಕೆಯಲ್ಲಿ ಓದಿದ ಕಥೆ ಹೇಳುತ್ತಾರೆ. ನಾನು ಕೇಳುವುದು ಬೇರೆ. ಹಳೆ ಊರು ಎಲ್ಲಿತ್ತು? ಸಂತೆಗೆ ಹೋಗುವ ಗಾಡಿ ದಾರಿ ಯಾವುದು? ದೇವರ ಮೆರವಣಿಗೆ ಯಾವ ಕಡೆಯಿಂದ ಬರುತ್ತದೆ? ದನ ಎಲ್ಲಿಗೆ ಬಿಡುವುದಿಲ್ಲ? ಒಂದೇ ಕೇರಿಯಲ್ಲಿ ಕೇಳಿದರೆ ಸಾಲದು. ಗೌಡರ ಮನೆಯ ಕಥೆಯೇ ಬೇರೆ, ತಳವಾರರ ಮನೆಯ ಕಥೆಯೇ ಬೇರೆ. ಗಂಡಸರಿಗಿಂತ ಹೆಂಗಸರ ಮಾತು ಜಾಸ್ತಿ ಉಪಯೋಗಕ್ಕೆ ಬಂದಿದೆ. ಗಂಡಸರು ಹೊನ್ನಿನ ಲೆಕ್ಕ ಹೇಳುತ್ತಾರೆ. ಹೆಂಗಸರು ಆ ಜಾಗದಲ್ಲಿ ಏನು ಮಾಡಬಾರದು ಅನ್ನುವುದನ್ನು ಹೇಳುತ್ತಾರೆ.

ಗೌಡರ ದೊಡ್ಡಮ್ಮ ಒಬ್ಬರಿದ್ದಾರೆ. ಊರಿಗೆಲ್ಲ ಅಜ್ಜಿ. ಕಣ್ಣು ಮಂಜಾಗಿದೆ, ಮಾತು ಮಾತ್ರ ಸ್ಪಷ್ಟ. ಹೊನ್ನಿನ ವಿಷಯ ಎತ್ತಿದರೆ ಅವರಿಗೆ ಆಸಕ್ತಿಯೇ ಇಲ್ಲ. "ಅದೆಲ್ಲ ಗೊತ್ತಿಲ್ಲ ಕಣಪ್ಪಾ. ನಮ್ಮತ್ತೆ ಒಂದು ಮಾತು ಹೇಳೋರು. ಆ ದಿಣ್ಣೆ ಕಲ್ಲು ತಂದು ಬದಕ್ಕೆ ಹಾಕ್ಬೇಡಿ, ಕಾಲು ಕುಯ್ಯುತ್ತೆ ಅಂತ."

ಎಂಥ ಕಲ್ಲು ಅಂತ ಕೇಳಿದೆ.

"ಕರೀ ಕಲ್ಲು. ತೂತು ತೂತು. ಬೆಲ್ಲದ ಪಾಕ ಉಕ್ಕಿ ಗಟ್ಟಿಯಾದಂಗೆ. ನೋಡೋಕೆ ಇಷ್ಟೇ, ಎತ್ತಿದ್ರೆ ಭಾರ."

ಅಲ್ಲಿ ಬೇಸಾಯ ಯಾಕೆ ಮಾಡಲಿಲ್ಲ ಅಂದೆ. ಮಣ್ಣು ಕಪ್ಪು, ಇದ್ದಿಲು ಸಿಗುತ್ತದೆ, ರಾಗಿ ಸರಿಯಾಗಿ ಬರುವುದಿಲ್ಲ ಅಂದರು. ಇದ್ದಿಲು ಅನ್ನುವ ಮಾತು ಬಂದ ಮೇಲೆ ನನ್ನ ಯೋಚನೆ ಬೇರೆ ದಿಕ್ಕಿಗೆ ತಿರುಗಿತು. ಆದರೂ ಅವಸರ ಮಾಡಲಿಲ್ಲ. ಅಜ್ಜಿಯ ಮಾತನ್ನು ಅವರು ಹೇಳಿದ ಹಾಗೇ ಬರೆದುಕೊಂಡೆ. ಯಾರು ಹೇಳಿದರು, ಅವರಿಗೆ ಯಾರು ಹೇಳಿದ್ದರು, ಇಬ್ಬರ ಊರು ಯಾವುದು ಅನ್ನುವುದನ್ನೂ ಪಕ್ಕದಲ್ಲಿ ಬರೆದೆ. ಕಥೆ ಬರೆಯುವವರು ಇದನ್ನು ಬಿಡಬಾರದು. ಅಜ್ಜಿಯ ಅತ್ತೆ ಇದೇ ಊರಿನ ಮಗಳು. ಹಾಗಾಗಿ ಆ ಮಾತಿಗೆ ತೂಕ ಜಾಸ್ತಿ.

ಆಮೇಲೆ ಪುಸ್ತಕ. ಹಳೆ ಶಾಸನಗಳನ್ನೆಲ್ಲ ಸೇರಿಸಿದ ಬಿ. ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳು ಈಗ ಇಂಟರ್‌ನೆಟ್‌ನಲ್ಲಿ ಸಿಗುತ್ತವೆ. ತುಮಕೂರು ಜಿಲ್ಲೆಯದು 12ನೇ ಸಂಪುಟ, 1904ರಲ್ಲಿ ಬಂದದ್ದು. ಕೋಲಾರದ್ದು 10ನೇ ಸಂಪುಟ, 1905ರದ್ದು. ಚಿಕ್ಕಬಳ್ಳಾಪುರದವರು ಹುಡುಕಬೇಕಾದ್ದೂ ಕೋಲಾರದ ಸಂಪುಟದಲ್ಲೇ. ಆ ಜಿಲ್ಲೆ ಬೇರೆಯಾಗಿದ್ದು 2007ರಲ್ಲಿ ಅಲ್ವಾ. ಶಾಸನಗಳನ್ನು ತಾಲ್ಲೂಕುವಾರು ಕೊಟ್ಟಿದ್ದಾರೆ. ಶಾಸನ ಯಾವ ಊರಲ್ಲಿ, ಎಲ್ಲಿ ನಿಂತಿದೆ ಅಂತಲೂ ಬರೆದಿದ್ದಾರೆ.

ಈ ಶಾಸನಗಳ ವಿಷಯ ಬಂದರೆ ನನಗೆ ಸಂಕಟವಾಗುತ್ತದೆ. ನಮ್ಮ ಮೂರು ಜಿಲ್ಲೆಯ ಬಯಲಲ್ಲಿ ವೀರಗಲ್ಲು, ಮಾಸ್ತಿಕಲ್ಲು, ಲಿಂಗಮುದ್ರೆ ಕಲ್ಲು ಎಷ್ಟೋ ಇವೆ. ಅವುಗಳ ಮೇಲಿನ ಸೂರ್ಯ ಚಂದ್ರ, ಹಸು ಕರು, ಕತ್ತಿ ನೋಡಿ ನಿಧಿಗಳ್ಳರು ಅದನ್ನು ಗುರುತು ಅಂದುಕೊಳ್ಳುತ್ತಾರೆ. ಸೂರ್ಯ ನೋಡುವ ಕಡೆ ಇಷ್ಟು ಹೆಜ್ಜೆ, ಕತ್ತಿಯ ತುದಿ ಕಡೆ ಅಷ್ಟು ಹೆಜ್ಜೆ ಅಂತ ಲೆಕ್ಕ ಹಾಕುತ್ತಾರೆ. ಆ ಸೂರ್ಯ ಚಂದ್ರ ಹೇಳುವುದು ಒಂದೇ. ಅವರಿಬ್ಬರೂ ಇರುವ ತನಕ ಈ ದಾನ, ಈ ಹೆಸರು ಉಳಿಯಲಿ. ಲಿಂಗಮುದ್ರೆ ಕಲ್ಲು ದೇವಸ್ಥಾನಕ್ಕೆ ಬಿಟ್ಟ ಜಮೀನಿನ ಗಡಿ. ವೀರಗಲ್ಲಿನ ಹಸುಗಳು ಊರಿನ ದನ ಹೊಡೆದುಕೊಂಡು ಹೋದವರನ್ನು ತಡೆಯಲು ಹೋಗಿ ಸತ್ತವನ ಕಥೆ. ಅದರ ಬುಡದಲ್ಲಿ ಹೊನ್ನು ಯಾಕೆ ಇರುತ್ತದೆ? ದಾನ ಕೆಡಿಸಿದವರಿಗೆ ಕಾಶಿಯಲ್ಲಿ ಕವಿಲೆ ಹಸು ಕೊಂದ ಪಾಪ ಅಂತ ಅದೇ ಕಲ್ಲಿನ ಮೇಲೆ ಬರೆದಿರುತ್ತದೆ. ಅದನ್ನು ಓದಲು ಬಾರದವರು ಅದನ್ನೇ ಒಡೆಯುತ್ತಾರೆ. ಒಂದು ಊರಿನ ಆಚೆ ಎರಡು ತುಂಡಾಗಿ ಬಿದ್ದ ವೀರಗಲ್ಲನ್ನು ನೋಡಿದ್ದೇನೆ. ಪಕ್ಕದಲ್ಲಿ ಆಳುದ್ದ ಗುಂಡಿ. ನಿಂಬೆಹಣ್ಣು, ಕುಂಕುಮ. ಸತ್ತು ಶತಮಾನಗಳಾದ ಮೇಲೂ ಆ ಮನುಷ್ಯನ ಹೆಸರು ಅಲ್ಲಿ ನಿಂತಿತ್ತು. ಈಗ ಇಲ್ಲ.

ಅದಕ್ಕೇ ಕಲ್ಲು ನಿಂತಿರುವ ಜಾಗಕ್ಕೆ ನಾನು ಮೆಷಿನ್ ತಗೊಂಡು ಹೋಗುವುದೇ ಇಲ್ಲ. ಕಾನೂನೂ ಬಿಗಿಯಾಗಿದೆ. ಆವಣಿ, ನಂದಿಯ ಭೋಗನಂದೀಶ್ವರ ದೇವಸ್ಥಾನ, ಶಿರಾದ ಮಲಿಕ್ ರಿಹಾನ್ ಸಮಾಧಿಯಂಥ ಕೇಂದ್ರ ರಕ್ಷಿತ ಜಾಗಗಳ ಸುತ್ತ 100 ಮೀಟರ್ ಒಳಗೆ ಹೊಸ ಕಟ್ಟಡ, ಗಣಿ ಕೆಲಸ ಕೂಡ ಮಾಡುವಂತಿಲ್ಲ. ಅದರಾಚೆಯ 200 ಮೀಟರ್‌ನಲ್ಲಿ ಅನುಮತಿ ಬೇಕು. 1972ರ ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ ನಾಣ್ಯ, ಶಿಲ್ಪ, ಲೋಹದ ಸಾಮಾನು ಪ್ರಾಚ್ಯವಸ್ತು. ನೆಲದಲ್ಲಿ ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಲೇಬೇಕು. 1878ರ ಬ್ರಿಟಿಷ್ ಕಾಲದ ಕಾಯ್ದೆಯಲ್ಲೂ ಹೀಗೇ ಇತ್ತು, ನಮ್ಮ ರಾಜ್ಯದ 1962ರ ಕಾಯ್ದೆಯಲ್ಲೂ ಹೀಗೇ ಇದೆ. ಸ್ವಂತ ಹೊಲವಾದರೂ ಅಷ್ಟೇ. ಗೌಡರಿಗೆ ಇದನ್ನು ಮೊದಲೇ ಬಿಡಿಸಿ ಹೇಳಿದೆ. ಪಾಲು ಕೊಡುತ್ತೇವೆ ಅಂದ ಗುಂಪು ಈ ಮಾತು ಹೇಳಿರಲಿಲ್ಲ.

ಹೊನ್ನು ತೆಗೆದು ಕಥೆ ಓದುವ ದಾರಿ ಬೇರೆ ಊರುಗಳಲ್ಲಿ ಹೇಗೆ ನಡೆಯಿತು ಅಂತಲೂ ಹೇಳುತ್ತೇನೆ. ಮಧುಗಿರಿ ಬೆಟ್ಟದ ಬಗ್ಗೆ ಒಬ್ಬರು ಹೇಳಿದ ಕಥೆಯಲ್ಲಿ ಸೆರೆಯಲ್ಲಿದ್ದ ರಾಣಿಯ ಒಡವೆ ಪೆಟ್ಟಿಗೆ ಬರುತ್ತದೆ. ಪೆಟ್ಟಿಗೆ ತೆಗೆದರೆ ರಾಣಿ ಉಳಿಯುತ್ತಾಳೆ. ರಾಣಿ ನಿಜ. 1763ರಲ್ಲಿ ಹೈದರಾಲಿ ಕೆಳದಿಯವರ ರಾಜಧಾನಿ ಬಿದನೂರು ಗೆದ್ದ ಮೇಲೆ ರಾಣಿ ವೀರಮ್ಮಾಜಿಯನ್ನೂ ಮಗನನ್ನೂ ಇದೇ ಬೆಟ್ಟದಲ್ಲಿ ಇಟ್ಟಿದ್ದ. 1767ರಲ್ಲಿ ಮರಾಠರು ಕೋಟೆ ಹಿಡಿದಾಗ ಬಿಡುಗಡೆಯಾಯಿತು. ಊರೇ ಸೂರೆಯಾಗಿ ಸೆರೆ ಸಿಕ್ಕವಳ ಹತ್ತಿರ ಪೆಟ್ಟಿಗೆ ತುಂಬ ಒಡವೆ ಬಿಟ್ಟಿರುತ್ತಾರಾ? ಆದರೆ ಎರಡೂವರೆ ಶತಮಾನ ಕಳೆದರೂ ಅವಳು ಅಲ್ಲಿದ್ದಳು ಅನ್ನುವುದನ್ನು ಜನ ಮರೆತಿಲ್ಲ.

ಶಿರಾ ಕಡೆ ಮನೆಯೊಳಗೆ ಹೂತಿಟ್ಟ ಹಣದ ಕಥೆಗಳು ಜಾಸ್ತಿ. ಟಿಪ್ಪು ಶ್ರೀರಂಗಪಟ್ಟಣದ ಪಕ್ಕದ ತನ್ನ ಶಹರ್ ಗಂಜಾಂಗೆ ಜನ ತುಂಬಿಸಲು ಶಿರಾದಿಂದ 12,000 ಕುಟುಂಬಗಳನ್ನು ಬಲವಂತವಾಗಿ ಕರೆದೊಯ್ದ ಅಂತ ಹಳೆ ಗೆಜೆಟಿಯರ್‌ನಲ್ಲಿದೆ. ಅಷ್ಟು ಜನ ಒಟ್ಟಿಗೆ ಮನೆ ಬಿಟ್ಟು ಹೊರಟರೆ ಹಿಂದೆ ಉಳಿದವರು ಏನು ಮಾತಾಡಿಕೊಳ್ಳುತ್ತಾರೆ ಅಂತ ಊಹಿಸಬಹುದು. ಗುಡಿಬಂಡೆಯಲ್ಲಿ ಪಾಳೇಗಾರ ಬೈರೇಗೌಡ ಬಂಡೆಯೊಳಗೆ ಕೊರೆಸಿದ ಕೊಳಗಳಲ್ಲಿ ಕೊಪ್ಪರಿಗೆ ಇದೆ ಅಂತ ಒಬ್ಬರು ನನಗೆ ಹೇಳಿದರು. ಮುತ್ತಿಗೆ ಬಿದ್ದಾಗ ಕೋಟೆ ಉಳಿಯುವುದು ನೀರಿನಿಂದ. ಆ ಕೊಳಗಳು ಅದಕ್ಕೇ. ಕೋಲಾರಮ್ಮನ ಗುಡಿಯಲ್ಲಿ ನೆಲಕ್ಕೆ ಕೊರೆದ ಹುಂಡಿ ಇದೆ. ಸಾವಿರ ವರ್ಷದಿಂದ ಕಾಣಿಕೆ ಬೀಳುತ್ತಿದೆ, ಯಾರೂ ತೆರೆದಿಲ್ಲ ಅನ್ನುವುದು ಜನರ ನಂಬಿಕೆ. ಅದನ್ನು ಹಾಗೇ ಬಿಡುವುದು ಒಳ್ಳೆಯದು ಅಂತ ನನ್ನ ಅಭಿಪ್ರಾಯ.

ಕಥೆ ಅಕ್ಷರಶಃ ನಿಜವಾದದ್ದೂ ಕೋಲಾರದಲ್ಲೇ. 1802ರಲ್ಲಿ ಜಾನ್ ವಾರೆನ್ ಅನ್ನುವ ಬ್ರಿಟಿಷ್ ಅಧಿಕಾರಿ ಮೈಸೂರಿನ ಪೂರ್ವದ ಗಡಿ ಸರ್ವೆ ಮಾಡುತ್ತಿದ್ದ. ಮಣ್ಣಲ್ಲಿ ಚಿನ್ನ ಇದೆ ಅನ್ನುವ ಮಾತು ಅವನ ಕಿವಿಗೆ ಬಿತ್ತು. ತೋರಿಸಿದವರಿಗೆ ಇನಾಮು ಅಂದ. ಊರಿಗಾಂ, ಮಾರಿಕುಪ್ಪಂ ಕಡೆಯ ಜನ ಗಾಡಿಯಲ್ಲಿ ಮಣ್ಣು ತಂದು ಅವನ ಎದುರಲ್ಲೇ ತೊಳೆದು ಚಿನ್ನದ ಕಣ ತೋರಿಸಿದರು. ಮುಂದೆ ಅದೇ ಜಾಗ ಕೆಜಿಎಫ್ ಆಯಿತು. 2001ರ ಫೆಬ್ರವರಿ 28ರಂದು ಮುಚ್ಚುವ ತನಕ ಅಲ್ಲಿ ಗಣಿ ನಡೆಯಿತು. ಇದರಲ್ಲಿ ನಾನು ಗಮನಿಸಿದ್ದು ಒಂದು. ಅಲ್ಲಿನ ಕಥೆ ಹುಟ್ಟಿದ್ದು ಜನ ಮಾಡುತ್ತಿದ್ದ ಕೆಲಸದಿಂದ. ಆ ಜನ ಮಣ್ಣು ತೊಳೆಯುತ್ತಿದ್ದರು, ಅದಕ್ಕೇ ಅವರಿಗೆ ಗೊತ್ತಿತ್ತು. ನಮ್ಮ ದಿಣ್ಣೆಯ ಕಥೆಯ ಹಿಂದೆಯೂ ಯಾವುದೋ ಕೆಲಸ ಇರಬೇಕು ಅಂತ ಆಗ ಅನ್ನಿಸಿತು.

ಫ್ರಾನ್ಸಿಸ್ ಬುಕನನ್ ಬರೆದದ್ದನ್ನು ತೆಗೆದು ಓದಿದ್ದು ಆ ಹೊತ್ತಿನಲ್ಲಿ. ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಕಂಪನಿ ಸರ್ಕಾರ ಅವನನ್ನು ನಮ್ಮ ಸೀಮೆಯನ್ನೆಲ್ಲ ನೋಡಿ ಬರೆಯಲು ಕಳಿಸಿತು. ಪುಸ್ತಕ ಅಚ್ಚಾಗಿದ್ದು 1807ರಲ್ಲಿ. ಕೋಲಾರ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರ ದಾಟಿ ಅವನು ಮಧುಗಿರಿ, ಶಿರಾ ಕಡೆಗೂ ಬಂದಿದ್ದ. ಬೆಳೆ, ಗೊಬ್ಬರ, ಕೂಲಿ, ಮಗ್ಗ, ಎಲ್ಲ ಬರೆಯುತ್ತಾನೆ. ಮಧುಗಿರಿ ಮತ್ತು ಚನ್ನರಾಯನದುರ್ಗದ ಸೀಮೆಯಲ್ಲಿ ಕಬ್ಬಿಣ ಕಾಯಿಸುತ್ತಾರೆ ಅಂತಲೂ ಬರೆದಿದ್ದಾನೆ. ಮಳೆಗಾಲದಲ್ಲಿ ಬಂಡೆಗಳ ಮೇಲಿಂದ ಹಳ್ಳಗಳು ಹೊತ್ತು ತರುವ ಕಪ್ಪು ಮರಳೇ ಅದಿರು.

ಅದನ್ನು ಓದಿ ಎದ್ದು ನಿಂತುಬಿಟ್ಟೆ. ಹಳ್ಳದ ಪಕ್ಕದ ದಿಣ್ಣೆ. ಇದ್ದಿಲು. ಕಪ್ಪು ಮೈಯವರು. ರಾತ್ರಿ ಬೆಂಕಿ.

ಇಷ್ಟಕ್ಕೇ ಹೌದು ಅನ್ನುವ ಹಾಗಿರಲಿಲ್ಲ. ಬುಕನನ್ ಹೇಳಿದ್ದು ಸೀಮೆಯ ಮಾತು, ನನ್ನದು ಒಂದು ಸರ್ವೆ ನಂಬರ್. ಹಳೆ ಗ್ರಾಮ ನಕ್ಷೆ ತೆಗೆಸಿದೆ. ದಿಶಾಂಕ್ ಆ್ಯಪ್‌ನಲ್ಲಿ ಹೊಲದ ಗಡಿ ನೋಡಿ ಎರಡನ್ನೂ ಹೋಲಿಸಿದೆ. ದಿಣ್ಣೆಯಿಂದ ಸ್ವಲ್ಪ ದೂರದಲ್ಲಿ ಒಂದು ಬೇಚರಾಕ್ ಗ್ರಾಮದ ಹೆಸರಿತ್ತು. ದಾಖಲೆಯಲ್ಲಿ ಊರಿದೆ, ಜನ ಇಲ್ಲ. ನಿಧಿ ಕಥೆ ಹುಡುಕುವವರು ಈ ಬೇಚರಾಕ್ ಹೆಸರುಗಳನ್ನು ಖಂಡಿತ ನೋಡಬೇಕು. ಜನ ಬಿಟ್ಟುಹೋದ ಊರಿನ ಸುತ್ತಲೇ ಕಥೆ ಬೆಳೆಯುತ್ತದೆ.

ಮಳೆ ನಿಂತ ಮೇಲೆ ಹಳ್ಳದಲ್ಲಿ ನಡೆದೆ. ತಿರುವಿನಲ್ಲಿ ಮರಳು ಪದರ ಪದರವಾಗಿ ಕೂತಿತ್ತು. ಬಿಳಿ ಮರಳಿನ ನಡುವೆ ಕಪ್ಪು ಗೆರೆಗಳು. ಹಳೆ ಸ್ಪೀಕರ್‌ನ ಅಯಸ್ಕಾಂತವನ್ನು ಪ್ಲಾಸ್ಟಿಕ್ ಕವರ್‌ನಲ್ಲಿ ಸುತ್ತಿ ಆ ಗೆರೆಯ ಮೇಲೆ ಎಳೆದೆ. ಕಪ್ಪು ಕಣಗಳು ಎದ್ದು ಮುಳ್ಳುಮುಳ್ಳಾಗಿ ಅಂಟಿಕೊಂಡವು. ಅದಿರು ಇವತ್ತಿಗೂ ಹಳ್ಳದಲ್ಲಿ ಬರುತ್ತಲೇ ಇದೆ. ಗುಡ್ಡದ ಕಲ್ಲು ಸವೆದಂತೆ ಹಗುರ ಮರಳು ಮುಂದೆ ಹೋಗುತ್ತದೆ, ಭಾರದ ಕಣ ತಿರುವಿನಲ್ಲಿ ನಿಲ್ಲುತ್ತದೆ.

ಮೆಷಿನ್ ತರುವ ಮೊದಲು ಗೌಡರಿಂದ ಒಪ್ಪಿಗೆ ಪತ್ರ ಬರೆಸಿಕೊಂಡೆ. ಪಂಚಾಯ್ತಿ ಮೆಂಬರ್‌ಗೆ ಹೇಳಿದೆ. ಪೊಲೀಸ್ ಠಾಣೆಗೂ ಒಂದು ಪತ್ರ ಕೊಟ್ಟೆ. ಯಾವ ಹೊಲ, ಯಾವ ದಿನ, ಅಗೆಯುವುದಿಲ್ಲ, ಮೇಲಿನಿಂದ ನೋಡುವುದಷ್ಟೇ ಅಂತ. ಹಗಲು ಹೊತ್ತು, ಊರವರ ಎದುರಲ್ಲೇ ಮಾಡಬೇಕು ಅಂತ ನನ್ನ ಹಟ. ಕದ್ದು ಮಾಡಿದರೆ ನಾವೂ ನಿಧಿಗಳ್ಳರ ಲೆಕ್ಕಕ್ಕೆ ಸೇರುತ್ತೇವೆ.

ಸೇರಿದವರಿಗೆ ಮೊದಲು ಮೆಷಿನ್ ಬಗ್ಗೆ ಹೇಳಿದೆ. ಇದರ ತಳದ ಬಳೆಯೊಳಗೆ ತಂತಿ ಸುತ್ತಿದೆ. ಕರೆಂಟ್ ಹರಿದರೆ ಕಾಂತಕ್ಷೇತ್ರ ಹುಟ್ಟುತ್ತದೆ. ಕೆಳಗೆ ಲೋಹ ಇದ್ದರೆ ಅದರಲ್ಲೂ ಸಣ್ಣ ಕರೆಂಟ್ ಸುಳಿದು ತಿರುಗಿ ಮೇಲೆ ಬರುತ್ತದೆ. ಅದನ್ನು ಇನ್ನೊಂದು ಸುತ್ತು ತಂತಿ ಹಿಡಿದು ಸದ್ದು ಮಾಡುತ್ತದೆ. ನಾಣ್ಯದಷ್ಟು ಲೋಹವಾದರೆ ಸುಮಾರು ಒಂದು ಗೇಣು ಆಳದ ತನಕ ಕೇಳುತ್ತದೆ. ಬೋರ್ ಕೇಸಿಂಗ್‌ನಂಥ ದೊಡ್ಡದಾದರೆ ಇನ್ನೂ ಸ್ವಲ್ಪ ಕೆಳಗೆ. ಹಿಂದೆ ನಮ್ಮ ಕಡೆ ಓಡಾಡುತ್ತಿದ್ದ ಕಂಠೀರಾಯ ಹಣ ಅನ್ನುವ ನಾಣ್ಯ ಚಿನ್ನದ್ದೇ, ಆದರೆ ಅರ್ಧ ಗ್ರಾಮ್ ಕೂಡ ತೂಗುವುದಿಲ್ಲ. ಅಂಥದ್ದು ಒಂದೇ ಇದ್ದರೆ ಎರಡು ಮೂರು ಇಂಚು ದಾಟಿದ ಮೇಲೆ ನನ್ನ ಮೆಷಿನ್‌ಗೆ ಗೊತ್ತೇ ಆಗುವುದಿಲ್ಲ. ಗುಟ್ಕಾ ಪೊಟ್ಟಣದ ಅಲ್ಯೂಮಿನಿಯಂ ಹಾಳೆಯೂ ತೆಳು ಚಿನ್ನದ ಹಾಗೇ ಸದ್ದು ಮಾಡುತ್ತದೆ. ಐವತ್ತು ಅಡಿ ಆಳದ ಚಿನ್ನ ತೋರಿಸುತ್ತೇವೆ, ದೂರದಿಂದಲೇ ದಿಕ್ಕು ಹೇಳುತ್ತೇವೆ ಅಂತ ಮಾರುವ ಯಂತ್ರಗಳು ಮೋಸ. ಅಕ್ಕಿ ಕಾಳು ಎಳೆಯುತ್ತದೆ ಅಂತ ಮಾರುವ ರೈಸ್ ಪುಲ್ಲಿಂಗ್ ಚೊಂಬೂ ಮೋಸ. ಎರಡು ತಲೆ ಹಾವು ಅಂತ ಹಿಡಿದು ಮಾರುವ ಮಣ್ಣುಮುಕ್ಕ ಪಾಪದ ಪ್ರಾಣಿ, ಅದನ್ನು ಹಿಡಿಯುವುದೂ ಅಪರಾಧ. ಇದನ್ನೆಲ್ಲ ಅವತ್ತು ಗಟ್ಟಿಯಾಗಿ ಹೇಳಿದೆ. ಎಷ್ಟೋ ಮನೆಗಳು ಇದರಿಂದ ಸಾಲಕ್ಕೆ ಬಿದ್ದಿವೆ.

ದಿಣ್ಣೆಯ ಮೇಲೆ ಎರಡೆರಡು ಮೀಟರ್‌ಗೆ ದಾರ ಕಟ್ಟಿ ಚೌಕ ಮಾಡಿದೆವು. ಹುಡುಗರು ದಾರ ಹಿಡಿಯಲು ಬಂದರು. ಮೆಷಿನ್ ಆನ್ ಮಾಡಿದ ಕೂಡಲೇ ಒಂದೇ ಸಮ ಕೂಗು. ಹೊನ್ನು ಅಂತ ಯಾರೋ ಚಪ್ಪಾಳೆ ತಟ್ಟಿದರು. ನಾನು ನಿರೀಕ್ಷೆ ಮಾಡಿದ್ದೇ ಅದು. ಕಪ್ಪು ಮರಳಿರುವ ನೆಲದಲ್ಲಿ ಮೆಷಿನ್ ನೆಲಕ್ಕೇ ಕೂಗುತ್ತದೆ. ಸುಟ್ಟ ಮಣ್ಣಿಗೂ ಕೂಗುತ್ತದೆ. ನೆಲದ ಸದ್ದು ಕಳೆಯುವ ಗ್ರೌಂಡ್ ಬ್ಯಾಲೆನ್ಸ್ ಮಾಡಿ, ಸೆನ್ಸಿಟಿವಿಟಿ ಇಳಿಸಿ, ಬಳೆಯನ್ನು ನೆಲದಿಂದ ಸ್ವಲ್ಪ ಎತ್ತಿ ಹಿಡಿದು ನಿಧಾನಕ್ಕೆ ನಡೆದೆ. ಪ್ರತಿ ಚೌಕದಲ್ಲೂ ಸದ್ದು ಜೋರೋ, ಸಣ್ಣದೋ, ಇಲ್ಲವೋ ಅಂತ ಒಬ್ಬ ಹುಡುಗ ಗ್ರಾಫ್ ಹಾಳೆಯಲ್ಲಿ ತುಂಬಿದ.

ಸಂಜೆ ಹಾಳೆ ನೋಡಿದಾಗ ಚಿತ್ರ ಕಾಣಿಸಿತು. ದಿಣ್ಣೆಯ ನೆತ್ತಿಯಲ್ಲಿ ಒತ್ತೊತ್ತಾಗಿ ಜೋರು ಸದ್ದು. ಅಲ್ಲಿಂದ ಹಳ್ಳದ ಕಡೆಗೆ ಇಳಿಜಾರಿನಲ್ಲಿ ಬೀಸಣಿಗೆ ಬಿಚ್ಚಿದಂತೆ ಹರಡಿ ಕಡಿಮೆಯಾಗುತ್ತಾ ಹೋಗಿತ್ತು. ಹೂತಿಟ್ಟ ಗಂಟಾದರೆ ಒಂದು ಕಡೆ ಮಾತ್ರ ಸದ್ದು ಬರಬೇಕು. ಇದು ವರ್ಷಾನುಗಟ್ಟಲೆ ಒಂದೇ ಜಾಗದಿಂದ ಇಳಿಜಾರಿಗೆ ಎಸೆದ ಕಸದ ಹರವು.

ಅಗೆಯುವ ಅಗತ್ಯವೇ ಬರಲಿಲ್ಲ. ಮಳೆ ತೊಳೆದ ಕಡೆ ಅಜ್ಜಿ ಹೇಳಿದ ಕಲ್ಲುಗಳು ಮೇಲೇ ಬಿದ್ದಿದ್ದವು. ಕರಿ, ತೂತು ತೂತು, ಭಾರ. ಕಬ್ಬಿಣದ ಕಿಟ್ಟ, ಅಂದರೆ ಅದಿರು ಕಾಯಿಸಿದ ಮೇಲೆ ಉಳಿಯುವ ಕಸ. ಕೆಲವಕ್ಕೆ ಅಯಸ್ಕಾಂತ ಅಂಟಿತು. ನಡುವೆ ಒಂದು ಮಣ್ಣಿನ ಕೊಳವೆಯ ತುಂಡು. ಒಂದು ತುದಿ ಕೆಂಪು ಮಣ್ಣು, ಇನ್ನೊಂದು ತುದಿ ಕರಗಿ ಗಾಜಿನ ಹಾಗೆ ಹಸಿರು ಕಪ್ಪು. ತಿದಿಯ, ಅಂದರೆ ಗಾಳಿ ಊದುವ ಚೀಲದ, ಗಾಳಿಯನ್ನು ಒಲೆಯೊಳಗೆ ಬಿಡುವ ಕೊಳವೆ ಅದು. ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಫೋಟೋ ತೆಗೆದು, ಎಲ್ಲವನ್ನೂ ಇದ್ದಲ್ಲೇ ಬಿಟ್ಟೆ.

ಆಮೇಲೆ ಕೊರಟಗೆರೆಯಲ್ಲಿ ಕುಲುಮೆ ನಡೆಸುವ ಹಿರಿಯ ಆಚಾರಿಯೊಬ್ಬರಿಗೆ ಫೋಟೋ ತೋರಿಸಿದೆ. ಅವರು ನೋಡಿದ ಕೂಡಲೇ ಕಿಟ್ಟ ಅಂದರು. ರಾತ್ರಿಯೇ ಯಾಕೆ ಕೆಲಸ ಅಂತ ಕೇಳಿದೆ. "ಬೆಂಕಿ ಬಣ್ಣ ಹಗಲಲ್ಲಿ ತಿಳಿಯಲ್ಲ ಸ್ವಾಮಿ. ಕತ್ತಲಲ್ಲಿ ಕೆಂಪು ಯಾವುದು, ಹಳದಿ ಯಾವುದು ಅಂತ ಕಣ್ಣಿಗೆ ಗೊತ್ತಾಗುತ್ತೆ. ಅಲ್ಲದೆ ಒಂದ್ಸಲ ಹೊತ್ತಿಸಿದ್ರೆ ನಡುವೆ ನಿಲ್ಸಂಗಿಲ್ಲ." ಒಬ್ಬರು ತಿದಿ ಒತ್ತುತ್ತಲೇ ಇರಬೇಕು. ಬುಸ್ ಬುಸ್ ಅನ್ನುವ ಆ ಸದ್ದು ರಾತ್ರಿಯ ಬಯಲಲ್ಲಿ ದೂರಕ್ಕೆ ಕೇಳುತ್ತದೆ.

ಗೌಡರ ಜಗಲಿಯಲ್ಲಿ ಕೂತು ಎಲ್ಲ ಹೇಳಿದೆ. ಅವರು ಬಹಳ ಹೊತ್ತು ಗ್ರಾಫ್ ಹಾಳೆಯನ್ನೇ ನೋಡಿದರು.

"ಹಂಗಾದ್ರೆ ಹೊನ್ನಿಲ್ಲ."

"ಇಲ್ಲ ಗೌಡ್ರೇ. ಈ ಸುತ್ತಿನ ನೇಗಿಲಿಗೆ, ಕುಡುಗೋಲಿಗೆ ಕಬ್ಬಿಣ ಕೊಟ್ಟ ಜಾಗ ಇರಬೇಕು ಅದು."

ಮಗ ಆ ದಿಣ್ಣೆ ಮಟ್ಟ ಮಾಡಿಸಿ ದಾಳಿಂಬೆ ಹಾಕುವ ಯೋಚನೆಯಲ್ಲಿದ್ದ. ಜಾಗ ಹೋದರೆ ಮತ್ತೆ ಬರುವುದಿಲ್ಲ, ಕಬ್ಬಿಣ ಹೇಗೆ ಮಾಡುತ್ತಿದ್ದರು ಅಂತ ಓದಿದವರು ಬಂದು ನೋಡಿದರೆ ಒಲೆಯ ಬುಡವೂ ಸಿಗಬಹುದು ಅಂದೆ. ಮಗನಿಗೆ ಅಷ್ಟು ಸಮಾಧಾನ ಆಗಲಿಲ್ಲ. ಕೊನೆಗೆ ದಿಣ್ಣೆಯ ನೆತ್ತಿಯನ್ನು ಬಿಟ್ಟು ಕೆಳಗಿನ ಪಟ್ಟಿಯಲ್ಲಿ ಗಿಡ ಇಡುವುದು ಅಂತ ಮನೆಯೊಳಗೇ ಮಾತಾಯಿತು. ಅಂಜನದ ಗುಂಪು ಫೋನ್ ಮಾಡಿದಾಗ ಗೌಡರು ನನ್ನೆದುರಲ್ಲೇ ಬೇಡ ಅಂದರು. ರಾಜ್ಯ ಪುರಾತತ್ವ ಇಲಾಖೆಗೆ ಸರ್ವೆ ನಂಬರ್, ಫೋಟೋ, ಗ್ರಾಫ್ ಹಾಳೆಯ ನಕಲು ಎಲ್ಲ ಸೇರಿಸಿ ಪತ್ರ ಬರೆದಿದ್ದೇನೆ. ಗೌಡರೂ ಸಹಿ ಹಾಕಿದ್ದಾರೆ.

ಅಜ್ಜಿಗೆ ಬೇರೆಯಾಗಿ ಹೇಳಿದೆ. ಸರ್ಪದ ಉಸಿರು ತಿದಿಯದ್ದು ಅಂದಾಗ ಅವರು ತಲೆ ಆಡಿಸಿದರು. "ಹಂಗಾದ್ರೆ ಆ ಬೇಚರಾಕ್ ಊರು ಅವರದ್ದೇ ಇರ್ಬೇಕು. ಧಾತು ಬರದಾಗೆ ಎಲ್ಲ ಬಿಟ್ಟು ಹೋದ್ರು ಅಂತ ನಮ್ಮತ್ತೆ ಹೇಳೋರು. ಒಂದಿಷ್ಟು ಜನ ಮಧುಗಿರಿ ಪ್ಯಾಟೆ ಕಡೆ ಹೋದ್ರಂತೆ." ಇಷ್ಟು ದಿನ ಯಾಕೆ ಹೇಳಲಿಲ್ಲ ಅಂದೆ. "ನೀನು ಕೇಳಿದ್ದು ದಿಣ್ಣೆ ವಿಷಯ. ಊರಿನ ವಿಷಯ ಕೇಳ್ಲೇ ಇಲ್ವಲ್ಲಪ್ಪಾ."

ಧಾತು ಬರ ಅಂದರೆ 1876ರಿಂದ 78ರ ದೊಡ್ಡ ಬರ. ಆ ಹೊತ್ತಿಗೆ ವಿಲಾಯಿತಿ ಕಬ್ಬಿಣ ಅಗ್ಗಕ್ಕೆ ಬರುತ್ತಿತ್ತು. ಇದ್ದಿಲಿಗೆ ಕಾಡು ಸಿಗುವುದೂ ಕಷ್ಟವಾಗಿತ್ತು. ಮೊದಲೇ ಸೊರಗಿದ್ದ ಕಸುಬಿನವರನ್ನು ಬರ ಎಬ್ಬಿಸಿರಬಹುದು. ಮಧುಗಿರಿ ಸಂತೆಯಲ್ಲಿ ಕುಡುಗೋಲಿಗೆ ಕಕ್ಕು ಹಾಕುವವರನ್ನು ಈಗ ವಿಚಾರಿಸುತ್ತಿದ್ದೇನೆ. ಒಬ್ಬರು ತಮ್ಮ ಮುತ್ತಜ್ಜನ ಊರು ಚನ್ನರಾಯನದುರ್ಗದ ಕಡೆಯ ಒಂದು ಹಳ್ಳದ ದಂಡೆ ಅಂದರು, ಹೆಸರು ಅಕ್ಕನಿಗೆ ಗೊತ್ತು ಅಂದರು. ಅಕ್ಕ ಬಡವನಹಳ್ಳಿ ಕಡೆ ಇದ್ದಾರೆ. ರಾಗಿ ಕಟಾವು ಮುಗಿದ ಮೇಲೆ ಬನ್ನಿ ಅಂತ ಹೇಳಿ ಕಳಿಸಿದ್ದಾರೆ.